ಒಂದೇ ಮನೆ, ಎರಡು ಒಲೆ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಾವನವರು ತಾಳಮದ್ದಳೆಯ ಅರ್ಥಧಾರಿಯಾಗಿದ್ದವರು. ಅವರ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಕೆಳಗಿನ ಕೋಣೆಯ ಕಂಪ್ಯೂಟರಿಗೆ ಇಳಿಸಿದ್ದೇವೆ, ಸುಮಾರು 60 ಜಿಬಿ ಆಗಿದೆ. ಮಗ ಮಹಡಿಯಲ್ಲಿ ತನ್ನ ಕಂಪ್ಯೂಟರಿನಲ್ಲಿ ಅವುಗಳ ಗರಗರ ಸದ್ದು ತೆಗೆಯುತ್ತಾನೆ. ಮಹಡಿಗೆ ವೈಫೈ ಸಿಗದೆಂದು ಕೆಳಗಿನ ಫೈಬರ್ ರೌಟರಿನಿಂದ ವಯರ್ ಎಳೆದು ಇನ್ನೊಂದು ರೌಟರ್ ಹಾಕಿಸಿದೆವು. ಇಂಟರ್ನೆಟ್ ಎರಡೂ ಕಡೆ ಚೆನ್ನಾಗಿದೆ. ಮಗ ನಂಬರ್ ಹೊಡೆದು ಕೆಳಗಿನ ಫೋಲ್ಡರ್ ತೆರೆಯುತ್ತಾನೆ. ನನಗೆ ಮಾತ್ರ ಕೆಳಗಿನಿಂದ ಅವನ ಕಂಪ್ಯೂಟರ್ ಸಿಗುವುದೇ ಇಲ್ಲ. ಯಾರೋ ಹೇಳಿದರೆಂದು ಫೈರ್‌ವಾಲ್ ಕೂಡ ಬಂದ್ ಮಾಡಿದೆವು. ಪೆನ್ ಡ್ರೈವ್ ಹಿಡಿದು ಮೆಟ್ಟಿಲು ಹತ್ತಿ ಇಳಿದು, ಯಾವುದು ಹೊಸ ಪ್ರತಿ, ಯಾವುದು ಹಳೆಯದು ಎಂಬುದೇ ತಿಳಿಯದಾಗಿದೆ. ಕಳೆದ ವಾರ ಸ್ವಚ್ಛ ಮಾಡಿದ್ದರ ಮೇಲೆ ಹಳೆಯದನ್ನೇ ಹಾಕಿಬಿಟ್ಟೆ. ಮಾವನವರ ದನಿ ನನ್ನ ಕೈಯಿಂದಲೇ ಅಳಿಸಿಹೋದೀತೆಂಬ ಭಯ.

ಉತ್ತರ: ಅಮ್ಮಾ, ಮೊದಲು ಫೈರ್‌ವಾಲನ್ನು ಮತ್ತೆ ಚಾಲೂ ಮಾಡಿ. ತಪ್ಪು ಅದರದ್ದಲ್ಲ, ನಿಮ್ಮದೂ ಅಲ್ಲ. ರೋಗದ ಗುರುತು ನಿಮ್ಮ ಪತ್ರದಲ್ಲೇ ಇದೆ. ಮೇಲಿನಿಂದ ಕೆಳಕ್ಕೆ ದಾರಿಯಿದೆ, ಕೆಳಗಿನಿಂದ ಮೇಲಕ್ಕೆ ಇಲ್ಲ.

ಮನೆ ಪಾಲಾದಾಗ ಒಂದೇ ಸೂರಿನಡಿ ಎರಡು ಒಲೆ ಉರಿಯುವುದುಂಟು. ಮಹಡಿಯ ರೌಟರ್ ಅದನ್ನೇ ಮಾಡಿದೆ. ರೌಟರಿನ ಕಸುಬೇ ಹಾಗೆ: ತನ್ನ ಒಳಗಿನವರಿಗೆ ತಾನೇ ನಂಬರ್ ಹಂಚುತ್ತದೆ, ಹೊರಗೆ ಹೋಗುವವರನ್ನು ಬಿಡುತ್ತದೆ, ಕರೆಯದೆ ಬಂದವರನ್ನು ಬಾಗಿಲಲ್ಲೇ ತಡೆಯುತ್ತದೆ. ಮಹಡಿಯ ರೌಟರಿನ ಕಣ್ಣಿಗೆ ಕೆಳಗಿನ ಮನೆಯೂ ಹೊರಗಿನದೇ. ಅದಕ್ಕೇ ಮಗ ಕೆಳಗಿಳಿದು ಬರಬಲ್ಲ, ನೀವು ಹತ್ತಿ ಹೋಗಲಾರಿರಿ.

ಕಣ್ಣಾರೆ ನೋಡಬೇಕೆಂದರೆ ಎರಡೂ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಐಪಿಕಾನ್ಫಿಗ್ ಎಂಬುದನ್ನು ಇಂಗ್ಲಿಷಿನಲ್ಲಿ ಜಾಗ ಬಿಡದೆ ಹೊಡೆದು ಎಂಟರ್ ಒತ್ತಿ. ಐಪಿವಿ4 ಎಂಬ ಸಾಲನ್ನು ಓದಿ. ಕೆಳಗೆ 192.168.1.34, ಮೇಲೆ 192.168.0.102 ಎಂಬಂತಿದ್ದರೆ ಮೂರನೆಯ ಅಂಕಿ ಗಮನಿಸಿ. ಕೆಳಗೆ 1, ಮೇಲೆ 0. ಒಲೆ ಬೇರೆ ಎಂಬುದಕ್ಕೆ ಅದೇ ಸಾಕ್ಷಿ.

ಹೊಸದೇನೂ ಕೊಳ್ಳಬೇಡಿ. ಮಹಡಿಯ ರೌಟರಿನ ಯಜಮಾನಿಕೆ ಬಿಡಿಸಿ ಅದನ್ನು ಬರೀ ವೈಫೈ ಹಂಚುವ ಪೆಟ್ಟಿಗೆ ಮಾಡಿದರಾಯಿತು. ಅದರ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂದಿದ್ದರೆ ಅದನ್ನು ಆರಿಸಿ, ವಯರ್ ಎಲ್ಲಿರಬೇಕೆಂದು ಕೈಪಿಡಿ ನೋಡಿಕೊಳ್ಳಿ. ಇಲ್ಲದಿದ್ದರೆ ಈ ಮೂರು ಕೆಲಸ, ಇದೇ ಕ್ರಮದಲ್ಲಿ. ಒಂದು, ಮಹಡಿಯ ರೌಟರಿನ ಲ್ಯಾನ್ ವಿಳಾಸವನ್ನು 192.168.1.2 ಮಾಡಿ. ಇದು ಕೆಳಗಿನ ರೌಟರ್ ಬೇರಾರಿಗೂ ಹಂಚದ ನಂಬರ್ ಆಗಿರಬೇಕು. ಎರಡು, ಹೊಸ ವಿಳಾಸದಲ್ಲಿ ಮತ್ತೆ ಒಳಹೊಕ್ಕು ಡಿಎಚ್‌ಸಿಪಿ ಆಫ್ ಮಾಡಿ. ನಂಬರ್ ಹಂಚುವ ಅಧಿಕಾರ ಅಲ್ಲಿಗೆ ಮುಗಿಯಿತು. ಮೂರು, ಕೆಳಗಿನಿಂದ ಬಂದ ವಯರನ್ನು ವ್ಯಾನ್ ತೂತಿನಿಂದ ಕಿತ್ತು ಪಕ್ಕದ ಲ್ಯಾನ್ ತೂತಿಗೆ ಹಾಕಿ. ವ್ಯಾನ್ ಖಾಲಿಯೇ ಇರಲಿ. ಆಮೇಲೆ ಎರಡೂ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ.

ಕ್ರಮ ತಪ್ಪಬೇಡಿ. ನಮ್ಮ ಮನೆಯಲ್ಲಿ ನಾನು ಮೊದಲು ವಯರ್ ಬದಲಿಸಿದ್ದೆ. ಎರಡೂ ರೌಟರುಗಳು 192.168.1.1 ಎಂಬ ಒಂದೇ ವಿಳಾಸ ಹಿಡಿದು, ಎರಡೂ ನಂಬರ್ ಹಂಚತೊಡಗಿದವು. ಸಂಜೆಯಿಡೀ ಇಂಟರ್ನೆಟ್ ಬರುತ್ತಿತ್ತು, ಹೋಗುತ್ತಿತ್ತು. ವಯರ್ ಮತ್ತೆ ಕಿತ್ತು, ಮೊದಲಿನಿಂದ ಮಾಡಿದ ಮೇಲೆ ಸರಿಹೋಯಿತು.

ಒಲೆ ಒಂದಾಯಿತು. ಇನ್ನು ಬಾಗಿಲು ಯಾರಿಗೆ ತೆರೆಯಬೇಕೆಂಬ ಮಾತು. ಎರಡೂ ಕಂಪ್ಯೂಟರಿನಲ್ಲಿ ಈ ನೆಟ್‌ವರ್ಕ್ ಪ್ರೈವೇಟ್ ಎಂದು ಆರಿಸಿ, ಫೈಲ್ ಶೇರಿಂಗ್ ಆನ್ ಮಾಡಿ. ಇಡೀ ಡಿಸ್ಕ್ ಬೇಡ, ಬೇಕಾದ ಫೋಲ್ಡರ್ ಮಾತ್ರ ಶೇರ್ ಮಾಡಿ. ಆ ಕಡೆಯ ಕಂಪ್ಯೂಟರ್ ಕೇಳುವುದು ಖಾತೆಯ ಪಾಸ್‌ವರ್ಡ್. ದಿನಾ ಲಾಗಿನ್‌ಗೆ ಒತ್ತುವ ಪಿನ್ ಅಲ್ಲಿ ನಡೆಯುವುದಿಲ್ಲ. ಬಹಳ ಮನೆಗಳಲ್ಲಿ ಕೆಲಸ ಇಲ್ಲೇ ಸಿಕ್ಕಿಕೊಳ್ಳುತ್ತದೆ. ಕಂಪ್ಯೂಟರುಗಳನ್ನು ಗೆಸ್ಟ್ ವೈಫೈಗೆ ಸೇರಿಸಬೇಡಿ, ಅದು ಸಾಮಾನ್ಯವಾಗಿ ಒಬ್ಬರಿಗೊಬ್ಬರನ್ನು ಕಾಣಗೊಡುವುದಿಲ್ಲ. ಆಮೇಲೆ ಫೈಲ್ ಎಕ್ಸ್‌ಪ್ಲೋರರಿನ ವಿಳಾಸಪಟ್ಟಿಯಲ್ಲಿ \\ ಹಾಕಿ ಮಗನ ಕಂಪ್ಯೂಟರಿನ ಹೊಸ ನಂಬರ್ ಹೊಡೆಯಿರಿ.

ಯಾರಾದರೂ ಎಸ್‌ಎಂಬಿ1 ಎಂಬ ಹಳೆಯ ಫೈಲ್ ಶೇರಿಂಗ್ ಪದ್ಧತಿಯನ್ನು ಆನ್ ಮಾಡಿ ಎಂದರೆ ಬೇಡವೆನ್ನಿ. 2017ರ ಮೇ ತಿಂಗಳಲ್ಲಿ ಜಗತ್ತಿನ ಎಷ್ಟೋ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದ ವನ್ನಾಕ್ರೈ ಹಬ್ಬಿದ್ದು ಆ ಹಳೆಯ ಪದ್ಧತಿಯ ಬಿರುಕಿನಿಂದಲೇ. 445ನೇ ಪೋರ್ಟನ್ನು ಇಂಟರ್ನೆಟ್ ಕಡೆಗೆ ತೆರೆಯಿರಿ ಎಂದರೂ ಒಪ್ಪಬೇಡಿ. ಅದು ಫೈಲ್ ಶೇರಿಂಗ್‌ನ ಬಾಗಿಲು, ಮನೆಯೊಳಗೇ ಇರಬೇಕು.

ಈಗ ನಿಮ್ಮ ಭಯದ ವಿಷಯ. ಮೂಲ ಧ್ವನಿಮುದ್ರಣಗಳ ಫೋಲ್ಡರಿಗೆ ಮಗನಿಗೆ ಓದುವ ಅನುಮತಿ ಮಾತ್ರ ಕೊಡಿ. ಅವನು ಕೇಳಬಹುದು, ನಕಲು ಮಾಡಿಕೊಳ್ಳಬಹುದು. ಅದರ ಮೇಲೆ ಬರೆಯಲಾಗದು. ಸ್ವಚ್ಛ ಮಾಡಿದ್ದು ಅವನ ಕಂಪ್ಯೂಟರಿನ ಬೇರೆ ಫೋಲ್ಡರಿನಲ್ಲಿರಲಿ, ನೀವು ಕೆಳಗಿನಿಂದಲೇ ತೆರೆದು ಕೇಳಿ. ಹೀಗಾದರೆ ಹೊಸದರ ಮೇಲೆ ಹಳೆಯದು ಕೂರುವ ಪ್ರಸಂಗವೇ ಬಾರದು. ನಂತರ 60 ಜಿಬಿಯನ್ನೂ ಒಂದು ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಬೇರೆ ಊರಲ್ಲಿರುವ ಬಂಧುಗಳ ಮನೆಯಲ್ಲಿಡಿ. ನೆಟ್‌ವರ್ಕ್ ಎಷ್ಟು ಚೆನ್ನಾಗಿದ್ದರೂ ಸಿಡಿಲು ಹೊಡೆದರೆ ಒಂದೇ ಸೂರಿನ ಎರಡು ಕಂಪ್ಯೂಟರೂ ಒಟ್ಟಿಗೇ ಸುಟ್ಟಾವು. ಮಲೆನಾಡಿನ ಮಳೆಗಾಲ ಕಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಕಳೆದ ವಾರ ಹೋದದ್ದು ಸ್ವಚ್ಛ ಮಾಡಿದ ಪ್ರತಿ. ಮೂಲ ನಿಮ್ಮ ಬಳಿಯೇ ಇದೆ, ಮಗ ಇನ್ನೊಮ್ಮೆ ಮಾಡಬಲ್ಲ. ಮಾವನವರ ದನಿ ಎಲ್ಲಿಗೂ ಹೋಗಿಲ್ಲ.