ಮನೆಯಿಂದಲೇ ಮೋಟಾರು ಓಡಿಸುವ ಬಗೆ: ನಿಸ್ತಂತು ರಿಲೇ



ತಾಳಮಲೆ, ತಾಳವಾಡಿ, ಹಾಸನೂರು ಭಾಗದ ಬೇಸಾಯಗಾರರ ಮನೆಯ ಮಕ್ಕಳಿಗೆ ಈ ದೃಶ್ಯ ಹೊಸದೇನಲ್ಲ. ರಾತ್ರಿ ಊಟ ಮುಗಿದಿದೆ. ಅಷ್ಟರಲ್ಲಿ ಮೂರು ಫೇಸ್ ಕರೆಂಟು ಬಂತು. ತಂದೆಯವರು ಕಂಬಳಿ ಹೊದ್ದು, ಟಾರ್ಚು ಹಿಡಿದು ಹೊಲದ ಮೋಟಾರಿನ ಕೊಠಡಿಗೆ ಹೊರಡುತ್ತಾರೆ. ಗುಂಡಿ ಒತ್ತುವುದು ಒಂದು ಕ್ಷಣದ ಕೆಲಸ. ಆದರೆ ಹೋಗಿ ಬರುವ ದಾರಿ ಕಾಡಂಚಿನದು. ಬಾಳೆ ತಿನ್ನಲು ಬಂದ ಆನೆ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಕತ್ತಲಲ್ಲಿ ಕಾಣದು. ಅವರು ಮರಳಿ ಬಂದು ಬಾಗಿಲು ತಟ್ಟುವವರೆಗೆ ಮನೆಯವರಿಗೆ ನಿದ್ರೆಯಿಲ್ಲ.

ಆ ಗುಂಡಿಯನ್ನು ಮನೆಯಲ್ಲಿ ಕುಳಿತೇ ಒತ್ತಲು ಸಾಧ್ಯವೇ? ಸಾಧ್ಯ. ಆ ಕೆಲಸ ಮಾಡುವ ಪುಟ್ಟ ಸಾಧನವೇ ರಿಲೇ.

ರಿಲೇ ಎಂದರೇನು?

ಕಬ್ಬಿಣದ ಮೊಳೆಗೆ ತಂತಿ ಸುತ್ತಿ, ತಂತಿಯ ತುದಿಗಳನ್ನು ಟಾರ್ಚಿನ ಸೆಲ್ಲಿಗೆ ಮುಟ್ಟಿಸಿದರೆ ಮೊಳೆಯು ಗುಂಡುಸೂಜಿಗಳನ್ನು ಎಳೆದುಕೊಳ್ಳುತ್ತದೆ. ತಂತಿ ತೆಗೆದರೆ ಸೂಜಿಗಳು ಬೀಳುತ್ತವೆ. ಇದೇ ವಿದ್ಯುತ್ಕಾಂತ. ರಿಲೇಯ ಒಳಗೆ ಇಂಥ ಒಂದು ಸುರುಳಿ, ಅದರೆದುರು ಸ್ಪ್ರಿಂಗಿನ ಬಲದಿಂದ ದೂರ ನಿಂತ ಕಬ್ಬಿಣದ ಪಟ್ಟಿ, ಆ ಪಟ್ಟಿಯಿಂದ ಕೂಡುವ ಅಥವಾ ಅಗಲುವ ಎರಡು ಲೋಹದ ತುದಿಗಳು ಇರುತ್ತವೆ. ಸುರುಳಿಗೆ ವಿದ್ಯುತ್ತು ಹರಿದೊಡನೆ ಪಟ್ಟಿ ‘ಟಕ್’ ಎಂದು ಬಾಗಿ ತುದಿಗಳನ್ನು ಕೂಡಿಸುತ್ತದೆ. ವಿದ್ಯುತ್ತು ನಿಂತರೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆ ಸೆಳೆಯುತ್ತದೆ.

ಕೆರೆಯ ತೂಬನ್ನು ಎತ್ತುವವನು ನೀರನ್ನು ತಾನೇ ಹೊರುವುದಿಲ್ಲ, ದಾರಿ ಬಿಡುತ್ತಾನೆ ಅಷ್ಟೆ. ರಿಲೇಯೂ ಹಾಗೆಯೇ. 12 ವೋಲ್ಟಿನ ಅಲ್ಪ ವಿದ್ಯುತ್ತು ಅದರ ಸುರುಳಿಗೆ ಸಾಕು, ಅದು 230 ವೋಲ್ಟಿನ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿಯವರು 1835ರ ಸುಮಾರಿಗೇ ಇಂಥ ಸಾಧನವನ್ನು ತಯಾರಿಸಿದ್ದರು. ಮುಂದೆ ತಂತಿ ಸಮಾಚಾರವನ್ನು ದೂರದೂರಕ್ಕೆ ಸಾಗಿಸಲು ಇದು ನೆರವಾಯಿತು.

5 ಅಶ್ವಶಕ್ತಿಯ ಮೋಟಾರು ಸುಮಾರು 3,700 ವಾಟಿನದು. ಹೊರಡುವಾಗ ಅದು ಎಂದಿನದಕ್ಕಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಪುಟ್ಟ ರಿಲೇಗೆ ಇದನ್ನು ತಾಳುವ ಶಕ್ತಿಯಿಲ್ಲ. ಆದ್ದರಿಂದ ಅದು ಸ್ಟಾರ್ಟರಿನೊಳಗಿನ ಕಂಟ್ಯಾಕ್ಟರನ್ನು ಎಬ್ಬಿಸುತ್ತದೆ. ಕಂಟ್ಯಾಕ್ಟರ್ ಎಂಬುದೂ ಒಂದು ದೊಡ್ಡ ರಿಲೇಯೇ. ಅದು ಮೋಟಾರಿಗೆ ಮೂರೂ ಫೇಸುಗಳನ್ನು ಕೂಡಿಸುತ್ತದೆ. ತಮ್ಮ ಅಣ್ಣನನ್ನು ಎಬ್ಬಿಸಿದ, ಅಣ್ಣ ಗಾಡಿ ಹೂಡಿದ ಎಂಬಂತೆ!

ತಂತಿಯಿಲ್ಲದೆ ಆಜ್ಞೆ

ಪುಟ್ಟ ರಿಲೇಗೆ ಆಜ್ಞೆ ತಲುಪುವುದು ಹೇಗೆ? ಜರ್ಮನಿಯ ಹೈನ್ರಿಚ್ ಹರ್ಟ್ಸ್ ಅವರು 1887-88ರಲ್ಲಿ ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗದಿಂದ ತೋರಿಸಿದರು. 1890ರ ದಶಕದ ಮಧ್ಯದಲ್ಲಿ ನಮ್ಮವರೇ ಆದ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಟೌನ್ ಹಾಲಿನಲ್ಲಿ ಈ ಅಲೆಗಳಿಂದ ದೂರದ ಗಂಟೆ ಬಾರಿಸಿ, ಮದ್ದಿಗೆ ಬೆಂಕಿ ಹೊತ್ತಿಸಿ ಸಭಿಕರನ್ನು ಬೆರಗುಗೊಳಿಸಿದರು. 1898ರಲ್ಲಿ ನಿಕೋಲಾ ಟೆಸ್ಲಾ ಅವರು ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ದೂರದಿಂದಲೇ ನಡೆಸಿದರು.

ಇಂದಿನ ನಿಸ್ತಂತು ರಿಲೇಯಲ್ಲಿ ಎರಡು ಭಾಗಗಳು: ನಮ್ಮ ಕೈಯಲ್ಲಿ ಪ್ರೇಷಕ, ಮೋಟಾರಿನ ಬಳಿ ಗ್ರಾಹಕ. ಗುಂಡಿ ಒತ್ತಿದಾಗ ಪ್ರೇಷಕವು ಒಂದು ಗುಪ್ತಸಂಖ್ಯೆಯನ್ನು ಅಲೆಗಳ ಮೇಲೆ ಕಳಿಸುತ್ತದೆ. ತನ್ನಲ್ಲಿರುವ ಸಂಖ್ಯೆಯೊಡನೆ ಅದು ಹೊಂದಿದರೆ ಮಾತ್ರ ಗ್ರಾಹಕವು ರಿಲೇಯ ಸುರುಳಿಗೆ ವಿದ್ಯುತ್ತು ಬಿಡುತ್ತದೆ. ಇಲ್ಲವಾದರೆ ನೆರೆಯವರ ಗುಂಡಿಗೆ ನಮ್ಮ ಮೋಟಾರು ಓಡೀತು! ಬೆರಳುದ್ದದ ಪ್ರೇಷಕದ ಮಾತು ಅಂಗಳದಾಚೆಗೆ ಹೆಚ್ಚು ದೂರ ಹೋಗದು. ಅದಕ್ಕಾಗಿಯೇ ರೈತರು ಮೊಬೈಲ್ ಸ್ಟಾರ್ಟರ್ ಹಾಕಿಸುತ್ತಾರೆ. ಅದರಲ್ಲಿ ಒಂದು ಸಿಮ್ ಇರುತ್ತದೆ. ಮನೆಯಿಂದ ಕರೆ ಮಾಡಿದರೆ, ಕರೆದವರ ಸಂಖ್ಯೆಯನ್ನು ಗುರುತಿಸಿ ಆಜ್ಞೆಯನ್ನು ನಡೆಸುತ್ತದೆ. ಆದರೆ ಬೆಟ್ಟ ಅಡ್ಡವಾಗಿ ಟವರಿನ ಸಂಕೇತ ಸಿಗದ ಕಡೆ ಇದು ನಿರುಪಯೋಗಿ. ಆದ್ದರಿಂದ ಕೊಳ್ಳುವ ಮುನ್ನ ಮೋಟಾರಿನ ಬಳಿ ನಿಂತು ಫೋನು ಮಾಡಿ ನೋಡಬೇಕು.

ಎಲ್ಲೆಲ್ಲಿ ಬಳಕೆ?

ಊರ ನೀರಿನ ತೊಟ್ಟಿ, ಬೀದಿ ದೀಪ, ಕಾರ್ಖಾನೆಯ ಕ್ರೇನು, ದೊಡ್ಡ ಗೇಟು ಮುಂತಾದ ಕಡೆ ಈ ತತ್ತ್ವ ಬಳಕೆಯಲ್ಲಿದೆ. ನಮಗೆ ಹತ್ತಿರದ ಉದಾಹರಣೆ ಕೊಯಮತ್ತೂರು ಜಿಲ್ಲೆಯ ವಾಲ್ಪಾರೈಯದು. ಅಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಎಂಬ ಸಂಸ್ಥೆಯವರು ಚಹಾ ತೋಟಗಳ ನಡುವೆ ಎದ್ದು ಕಾಣುವ ಸ್ಥಳಗಳಲ್ಲಿ ಕೆಂಪು ದೀಪಗಳನ್ನು ಸ್ಥಾಪಿಸಿದ್ದಾರೆ. ಆನೆ ಸಮೀಪದಲ್ಲಿದೆ ಎಂದು ತಿಳಿದರೆ ಆ ದೀಪವನ್ನು ಮೊಬೈಲಿನಿಂದಲೇ ಹೊತ್ತಿಸಲಾಗುತ್ತದೆ. ಸಂಜೆ ಮನೆಗೆ ಮರಳುವವರು ದೂರದಿಂದಲೇ ಅದನ್ನು ಕಂಡು ಎಚ್ಚರಗೊಳ್ಳುತ್ತಾರೆ. ಒಂದು ದೀಪದ ಬೆಲೆಯೆಷ್ಟು, ಒಂದು ಜೀವದ ಬೆಲೆಯೆಷ್ಟು!

ಮರೆಯಬಾರದ ಮಾತು

ರಿಲೇಗೆ ಕಣ್ಣಿಲ್ಲ. ಬಾವಿಯಲ್ಲಿ ನೀರಿದೆಯೇ, ಮೂರು ಫೇಸುಗಳೂ ಇವೆಯೇ ಎಂದು ಅದು ನೋಡದು. ನೀರಿಲ್ಲದೆ ಅಥವಾ ಎರಡೇ ಫೇಸಿನಲ್ಲಿ ಓಡಿದರೆ ಮೋಟಾರು ಸುಟ್ಟುಹೋದೀತು. ಇವನ್ನು ತಡೆಯುವ ರಕ್ಷಕ ಸಾಧನಗಳೂ ಸ್ಟಾರ್ಟರಿನಲ್ಲಿ ಇರಬೇಕು. ಮೋಟಾರು ನಿಜವಾಗಿ ಓಡಿತೇ ಎಂಬ ಮರುಸಂದೇಶವೂ ಬರುವಂತಿರಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಮತ್ತೊಂದಿದೆ. ಹೊಲದಲ್ಲಿ ಒಬ್ಬರು ಮೋಟಾರು ಬಿಚ್ಚಿ ಕುಳಿತಿರುವಾಗ ಮನೆಯಲ್ಲಿ ಇನ್ನೊಬ್ಬರು ತಿಳಿಯದೆ ಫೋನು ಒತ್ತಿದರೆ? ಆದಕಾರಣ ದುರಸ್ತಿಗೆ ಮೊದಲು ಮೆಯಿನ್ ಸ್ವಿಚ್ಚು ಆರಿಸಿ, ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳತಕ್ಕದ್ದು. ಮನೆಯವರಿಗೂ ಹೇಳಿ ಹೋಗತಕ್ಕದ್ದು. ಈ ಎರಡು ನಿಯಮಗಳನ್ನು ಮನೆಯ ಹಿರಿಯರಿಗೆ ಇಂದೇ ಓದಿ ಹೇಳಿರಿ.

ಮೊಳೆ, ತಂತಿ, ಸೆಲ್ಲುಗಳ ಪ್ರಯೋಗವನ್ನು ಶಾಲೆಯಲ್ಲಿ ಗುರುಗಳ ಮುಂದೆ ಮಾಡಿ ನೋಡಿರಿ. ಮನೆಯ ಕರೆಂಟಿನ ಮೇಲೆ ಮಾತ್ರ ಪ್ರಯೋಗ ಬೇಡ. ನಿಮ್ಮ ಮೊಳೆಯು ಸೂಜಿಯನ್ನು ಎತ್ತಿದಾಗ, ಕತ್ತಲ ಹೊಲದಲ್ಲಿ ‘ಟಕ್’ ಎನ್ನುವ ರಿಲೇಯ ಗುಟ್ಟು ನಿಮ್ಮ ಕೈಯಲ್ಲೇ ಇರುತ್ತದೆ.