ಟೊಂಕ ಕಟ್ಟುವ ಮುನ್ನ: ಹೆಣ್ಣುಮಕ್ಕಳಿಗೆ ಭಾರ ಎತ್ತುವ ಬೆಲ್ಟ್ ಬೇಕೇ?

ನಮ್ಮ ಬೆಳಗಾವಿ ಸೀಮೆಯಲ್ಲಿ ಕೆಲಸ ಭಾರದ್ದಾದರೆ ಹೆಂಗಸರು ಮೊದಲು ಸೆರಗು ಸುತ್ತಿ ಟೊಂಕಕ್ಕೆ ಸಿಕ್ಕಿಸುತ್ತಾರೆ. ಖಾನಾಪುರದ ಗದ್ದೆಗೆ ಭತ್ತದ ನಾಟಿಗೆ ಇಳಿಯುವವರೂ ಹಾಗೆ, ವಡಗಾವಿಯ ಓಣಿಯಲ್ಲಿ ತುಂಬಿದ ಕೊಡ ಎತ್ತುವವರೂ ಹಾಗೆ. ಈಗ ಟಿಳಕವಾಡಿ, ಶಹಾಪುರ, ಖಾನಾಪುರ ಪೇಟೆಯ ಜಿಮ್‌ಗಳಲ್ಲಿ ಅವರ ಮಕ್ಕಳು, ಸೊಸೆಯಂದಿರು ಕಬ್ಬಿಣದ ಬಾರ್ ಹಿಡಿಯುತ್ತಿದ್ದಾರೆ. ಮೂಲೆಯ ಗೂಟಕ್ಕೆ ತೂಗುಹಾಕಿದ ಅಗಲವಾದ ಚರ್ಮದ ಬೆಲ್ಟ್ ಕಂಡು ಅವರು ಕೇಳುವ ಪ್ರಶ್ನೆ ಒಂದೇ: "ಅಕ್ಕಾ, ಇದನ್ನ ನಾವೂ ಕಟ್ಕೋಬೌದೇನ್ರಿ?"

ಕಟ್ಟಿಕೊಳ್ಳಬಹುದು. ಆದರೆ ಎಲ್ಲ ಭಾರಕ್ಕೂ ಅದು ಬೇಡ, ಎಲ್ಲರಿಗೂ ಬೇಡ. ಹೊಟ್ಟೆಯೊಳಗೆ ಉಸಿರು ತುಂಬಿ ನಿಲ್ಲಿಸುವುದನ್ನು ಕಲಿಯದವರಿಗಂತೂ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಬೆಲ್ಟ್ ಮಾಡುವುದೇನು?

ಬೆಲ್ಟ್ ಬೆನ್ನನ್ನು ಎತ್ತಿ ಹಿಡಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದರ ನಿಜವಾದ ಕೆಲಸ ಇರುವುದು ಹೊಟ್ಟೆಯ ಕಡೆ. ಸೈಕಲ್ಲಿನ ಟ್ಯೂಬನ್ನು ನೆನೆಯಿರಿ. ಬರೀ ಟ್ಯೂಬಿಗೆ ಗಾಳಿ ಹೊಡೆದರೆ ಅದು ಉಬ್ಬುತ್ತಾ ಹೋಗುತ್ತದೆ. ಟೈರಿನೊಳಗೆ ಕೂರಿಸಿ ಹೊಡೆದರೆ ಗಟ್ಟಿಯಾಗಿ ನಿಂತು ಭಾರ ಹೊರುತ್ತದೆ. ಆಳವಾಗಿ ಉಸಿರೆಳೆದಾಗ ವಪೆ (ಡಯಾಫ್ರಮ್) ಕೆಳಗಿಳಿದು ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಹೊಟ್ಟೆಯ ಸ್ನಾಯುಗಳು ಬೆಲ್ಟಿಗೆ ಒತ್ತಿಕೊಂಡಾಗ ಆ ಒತ್ತಡ ಇನ್ನಷ್ಟು ಹೆಚ್ಚಿ, ಬೆನ್ನುಮೂಳೆಗೆ ಮುಂದಿನಿಂದ ಆಸರೆ ಸಿಗುತ್ತದೆ. ಬೆಲ್ಟ್ ಟೈರಿನ ಕೆಲಸ ಮಾಡುತ್ತದೆ, ಗಾಳಿ ನೀವೇ ತುಂಬಬೇಕು.

ಇದರಿಂದ ಸೊಂಟ ಸಣ್ಣಗಾಗುವುದಿಲ್ಲ, ಹೊಟ್ಟೆಯ ಕೊಬ್ಬೂ ಕರಗುವುದಿಲ್ಲ. ಬೆವರಿಳಿಸಿ ಹೊಟ್ಟೆ ಕರಗಿಸುತ್ತದೆಂದು ಮಾರುವ ರಬ್ಬರಿನ ಪಟ್ಟಿ ಬೇರೆ, ಇದು ಬೇರೆ.

ಇದು ಗಂಡಸರ ಸಾಮಾನಲ್ಲ

ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ವೇಟ್‌ಲಿಫ್ಟಿಂಗ್ ಶುರುವಾದದ್ದು 2000ದ ಸಿಡ್ನಿಯಲ್ಲಿ. ಅದೇ ಕೂಟದಲ್ಲಿ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕೆ.ಜಿ. ಎತ್ತಿ ಕಂಚು ಗೆದ್ದರು. ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳೆ ಅವರೇ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 49 ಕೆ.ಜಿ. ವಿಭಾಗದ ಮೀರಾಬಾಯಿ ಚಾನು 202 ಕೆ.ಜಿ. ಎತ್ತಿ ಬೆಳ್ಳಿ ತಂದರು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಕಸುವಿಗೂ ಸಾಕ್ಷಿ ಬೇಕಿಲ್ಲ: ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಹೊಳೆಯ ಹೆಸರನ್ನೇ ಹೊತ್ತ ಬೆಳಗಾವಿಯ ಮಲಪ್ರಭಾ ಜಾಧವ್ 2018ರ ಏಷ್ಯನ್ ಗೇಮ್ಸ್‌ನ ಕುರಾಶ್ ಕುಸ್ತಿಯಲ್ಲಿ ಕಂಚು ಗೆದ್ದರು.

ಸ್ಪರ್ಧೆಯ ಬೆಲ್ಟ್ ನಿಯಮದಲ್ಲೂ ಹೆಣ್ಣು–ಗಂಡು ಭೇದವಿಲ್ಲ. ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್‌ನಲ್ಲಿ ಬೆಲ್ಟಿನ ಅಗಲ 12 ಸೆಂ.ಮೀ. ಮೀರಬಾರದು. ಪವರ್‌ಲಿಫ್ಟಿಂಗ್‌ನಲ್ಲಿ ಅಗಲ 10 ಸೆಂ.ಮೀ., ದಪ್ಪ 13 ಮಿ.ಮೀ. ಮೀರಬಾರದು. ವ್ಯತ್ಯಾಸವಿರುವುದು ಮೈಯ ಅಳತೆಯಲ್ಲಿ, ಹೆರಿಗೆಯಂಥ ಅನುಭವಗಳಲ್ಲಿ. ಅದಕ್ಕೇ ಮುಂದಿನ ಹೆಜ್ಜೆಗಳು.

ಹೆಜ್ಜೆ 1: ವೈದ್ಯರನ್ನು ಕೇಳಬೇಕಾದವರು

ಗರ್ಭಿಣಿಯರು ಬೆಲ್ಟ್ ಕಟ್ಟುವುದು ಬೇಡ. ಹತೋಟಿಗೆ ಬಾರದ ಬಿಪಿ, ಹರ್ನಿಯಾ, ಗರ್ಭಕೋಶ ಜಾರಿದ ತೊಂದರೆ, ಇತ್ತೀಚೆಗೆ ಆದ ಹೊಟ್ಟೆಯ ಆಪರೇಷನ್ – ಇವುಗಳಲ್ಲಿ ಒಂದಿದ್ದರೂ ವೈದ್ಯರ ಮಾತು ಕೇಳದೆ ಭಾರಕ್ಕೂ ಬೆಲ್ಟಿಗೂ ಕೈ ಹಾಕಬೇಡಿ.

ಹೆರಿಗೆಯಾದವರು ಅವಸರ ಮಾಡಬಾರದು. ಬಾಣಂತಿಗೆ ಹೊಟ್ಟೆ ಕಟ್ಟುವ ಹತ್ತಿಬಟ್ಟೆಯ ಲೆಕ್ಕದಲ್ಲಿ ಈ ಬೆಲ್ಟನ್ನು ನೋಡಬೇಡಿ. ಇದು ಒಳಗಿನ ಒತ್ತಡ ಏರಿಸುವ ಸಾಧನ. ವೈದ್ಯರು ವ್ಯಾಯಾಮಕ್ಕೆ ಒಪ್ಪಿದ ಮೇಲೂ ಮೊದಲ ತಿಂಗಳುಗಳು ಹಗುರ ಭಾರ, ಬೆಲ್ಟಿಲ್ಲದ ಅಭ್ಯಾಸ. ಸಿಸೇರಿಯನ್ ಆಗಿದ್ದರೆ ಇನ್ನಷ್ಟು ತಾಳ್ಮೆ ಬೇಕು. ಮಲಗಿದವರು ತಲೆ ಎತ್ತಿದಾಗ ಹೊಟ್ಟೆಯ ನಡುಗೆರೆ ಏಣಿನಂತೆ ಉಬ್ಬಿದರೆ ಫಿಸಿಯೋಥೆರಪಿಸ್ಟರಿಗೆ ತೋರಿಸಿ.

ಹೆಜ್ಜೆ 2: ಮೊದಲು ಉಸಿರು

ಚಾಪೆಯ ಮೇಲೆ ಮಂಡಿ ಮಡಿಸಿ ಅಂಗಾತ ಮಲಗಿ. ಪಕ್ಕೆಲುಬಿನ ಕೆಳಗೆ, ಸೊಂಟದ ಎರಡೂ ಬದಿಗೆ ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಬರುವಂತೆ ಕೈ ಇಡಿ. ಮೂಗಿನಿಂದ ಉಸಿರೆಳೆದಾಗ ಎದೆಯಷ್ಟೇ ಏರಬಾರದು. ಮುಂದೆ, ಬದಿ, ಹಿಂದೆ – ಸುತ್ತಲೂ ಕೈಗೆ ತಾಗಬೇಕು. ಈಗ ಯಾರೋ ಹೊಟ್ಟೆಗೆ ತಿವಿಯಲು ಬಂದರೆಂಬಂತೆ ಬಿಗಿ ಹಿಡಿಯಿರಿ.

ಇಲ್ಲೊಂದು ಮಾತು ಹೆಣ್ಣುಮಕ್ಕಳಿಗೆ ಯಾರೂ ಹೇಳುವುದಿಲ್ಲ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಜೋಳಿಗೆಯಂತೆ ಹಿಡಿದ ಸ್ನಾಯುಗಳಿವೆ. ಬಿಗಿ ಹಿಡಿಯುವಾಗ ಮೂತ್ರ ತಡೆದಂತೆ ಅವನ್ನು ಮೆಲ್ಲಗೆ ಮೇಲಕ್ಕೆಳೆಯಿರಿ. ಶೌಚಕ್ಕೆ ಮುಕ್ಕಿದಂತೆ ಕೆಳಕ್ಕೆ ನೂಕಬೇಡಿ. ಮಲಗಿ, ಕೂತು, ನಿಂತು, ಕೊನೆಗೆ ಖಾಲಿ ಬಾರ್ ಹೊತ್ತು – ಹೀಗೆ ಕೆಲವು ವಾರ ರೂಢಿ ಮಾಡಿ.

ಹೆಜ್ಜೆ 3: ಯಾವ ಭಾರಕ್ಕೆ ಬೆಲ್ಟ್?

ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು), ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತುವುದು) – ಇವುಗಳ ಪಟ್ಟು ಬೆಲ್ಟಿಲ್ಲದೆ ಕೆಡದಷ್ಟು ಕೈಗೂಡುವವರೆಗೆ ಬೆಲ್ಟ್ ಕೊಳ್ಳುವುದೇ ಬೇಡ. ಆಮೇಲೂ ನಿಮ್ಮ ಗರಿಷ್ಠ ಭಾರದ ಸುಮಾರು ಶೇ 80ರಿಂದ ಮೇಲಿನ ಸೆಟ್‌ಗಳಿಗೆ ಕಟ್ಟಿದರೆ ಸಾಕು. ಒಮ್ಮೆ 60 ಕೆ.ಜಿ. ಹೊತ್ತು ಸ್ಕ್ವಾಟ್ ಮಾಡಬಲ್ಲವರಿಗೆ 48–50 ಕೆ.ಜಿ.ವರೆಗೆ ಬೆಲ್ಟ್ ಬೇಡ. ಟ್ರೆಡ್‌ಮಿಲ್‌ಗೆ, ಡಂಬೆಲ್ಲಿನ ಕೈ ವ್ಯಾಯಾಮಕ್ಕೆ ಅದರ ಅಗತ್ಯವೇ ಇಲ್ಲ.

ಹೆಜ್ಜೆ 4: ಅಳತೆ ಮತ್ತು ಆಯ್ಕೆ

ಪ್ಯಾಂಟಿನ ಸೈಜ್ ಹೇಳಿ ಬೆಲ್ಟ್ ತರಬೇಡಿ. ತೆಳು ಬಟ್ಟೆಯ ಮೇಲೆ, ಹೊಕ್ಕುಳಿನ ಮಟ್ಟದಲ್ಲಿ, ಹೊಟ್ಟೆ ಒಳಗೆಳೆಯದೆ ಟೇಪ್ ಸುತ್ತಿ. ಆ ಅಳತೆ ಬೆಲ್ಟಿನ ನಡುವಿನ ತೂತುಗಳಿಗೆ ಬರಬೇಕು. ಮುಟ್ಟಿನ ದಿನಗಳಲ್ಲಿ ಹೊಟ್ಟೆ ಉಬ್ಬಿದಾಗ ಒಂದು ತೂತು ಸಡಿಲಿಸಲು ಜಾಗವಿರುತ್ತದೆ.

ಬಳಿಕ ಬದಿಯಲ್ಲಿ ಕೊನೆಯ ಪಕ್ಕೆಲುಬನ್ನೂ ಸೊಂಟದ ಮೂಳೆಯ ತುದಿಯನ್ನೂ ಮುಟ್ಟಿ ನೋಡಿ. ಕುಳ್ಳಗಿನ ಮೈಕಟ್ಟಿನವರಲ್ಲಿ ಈ ಅಂತರ ಕಡಿಮೆ. ನಡುವೆ ನಿಮ್ಮ ನಾಲ್ಕು ಬೆರಳೂ ಹಿಡಿಸದಿದ್ದರೆ 10 ಸೆಂ.ಮೀ. ಅಗಲದ ಬೆಲ್ಟ್ ಬಗ್ಗಿದಾಗ ಮೇಲೂ ಕೆಳಗೂ ಚುಚ್ಚಬಹುದು. 7.5 ಸೆಂ.ಮೀ. ಅಗಲದ್ದು ಹಿತ.

ಹೊಸಬರಿಗೆ ವೆಲ್ಕ್ರೋ ಇರುವ ನೈಲಾನ್ ಬೆಲ್ಟ್ ಮೆದು, ಅಗ್ಗ, ಸುಲಭ. ಭಾರ ಏರಿದಂತೆ 10 ಮಿ.ಮೀ. ದಪ್ಪದ ಚರ್ಮದ ಬೆಲ್ಟ್ ಸಾಕಾಗುತ್ತದೆ. 13 ಮಿ.ಮೀ.ನದು ಬಹಳ ಬಿರುಸು. ಜಿಮ್‌ನಲ್ಲಿರುವುದನ್ನೇ ಕೆಲವು ದಿನ ಕಟ್ಟಿ ನೋಡಿ, ಆಮೇಲೆ ಹಣ ಹಾಕಿ.

ಹೆಜ್ಜೆ 5: ಕಟ್ಟುವುದು, ಎತ್ತುವುದು, ಸಡಿಲಿಸುವುದು

• ಒಳಗೆ ಉದ್ದನೆಯ ಹತ್ತಿ ಟೀ–ಶರ್ಟ್ ಇರಲಿ. ಪ್ಯಾಂಟಿನ ದಾರದ ಗಂಟು ಬೆಲ್ಟಿನಡಿ ಸಿಕ್ಕರೆ ಚರ್ಮ ಕಂದುತ್ತದೆ. ಉಡದಾರವಿದ್ದರೆ ಕೆಳಕ್ಕೆ ಸರಿಸಿ.

• ಸ್ಕ್ವಾಟ್‌ಗೆ ಬೆಲ್ಟ್ ಹೊಕ್ಕುಳಿನ ಸುತ್ತ ಬರಲಿ. ಡೆಡ್‌ಲಿಫ್ಟ್‌ಗೆ ಬಗ್ಗಿದಾಗ ಚುಚ್ಚಿದರೆ ಒಂದು ಬೆರಳಿನಷ್ಟು ಮೇಲಕ್ಕೆ ಏರಿಸಿ.

• ಸಹಜವಾಗಿ ಉಸಿರಾಡುವಾಗ ಬೆಲ್ಟಿನೊಳಗೆ ಒಂದು ಬೆರಳು ಹೋಗಬೇಕು. ಹೊಟ್ಟೆ ತುಂಬ ಉಸಿರು ಹಿಡಿಸದಿದ್ದರೆ ಬಿಗಿ ಹೆಚ್ಚಾಯಿತೆಂದೇ ಅರ್ಥ.

• ಉಸಿರೆಳೆದು ಸುತ್ತಲೂ ಬೆಲ್ಟಿಗೆ ಒತ್ತಿ, ಇಳಿಯಿರಿ, ಏಳಿ. ಕಷ್ಟದ ಜಾಗ ದಾಟಿದ ಮೇಲೆ ಉಸಿರು ಬಿಡಿ. ಪ್ರತಿ ಸಲಕ್ಕೂ ಹೊಸ ಉಸಿರು. ತಲೆ ತಿರುಗಿದರೆ ಬಾರ್ ಇಟ್ಟು ಕೂತುಬಿಡಿ.

• ಸೆಟ್ ಮುಗಿದೊಡನೆ ಸಡಿಲಿಸಿ. ಕಟ್ಟಿಕೊಂಡೇ ಜಿಮ್ ತುಂಬ ಓಡಾಡುವುದು ಬೇಡ.

ಮಳೆಗಾಲದ ಜೋಪಾನ

ಜಾಂಬೋಟಿ, ಕಣಕುಂಬಿ ಕಡೆಯ ಮಳೆ ಗೊತ್ತೇ ಇದೆ. ಬೆವರು ಕುಡಿದ ಚರ್ಮವನ್ನು ಚೀಲದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಣಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಲ್ಲಿ ತೂಗುಹಾಕಿ. ಬಿಸಿಲಿಗೆ, ಒಲೆಯ ಹತ್ತಿರ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ.

ಹೊಲ–ಮನೆಯ ಭಾರಕ್ಕೆ?

ಅಕ್ಕಿ ಮೂಟೆ, ಮೇವಿನ ಹೊರೆ, ಇಟ್ಟಿಗೆ ಹೊರುವಾಗ ಬೆಲ್ಟ್ ಕಟ್ಟಿದರೆ ಬೆನ್ನು ಉಳಿದೀತೇ ಎಂದು ಖಾನಾಪುರದ ತಾಯಂದಿರು ಕೇಳಿದರೆ, ಅದನ್ನು ನಂಬಿ ಹಣ ಹಾಕಬೇಡಿ ಎನ್ನುತ್ತೇನೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1994ರಲ್ಲೇ, ಆರೋಗ್ಯವಾಗಿರುವ ಕೆಲಸಗಾರರ ಬೆನ್ನಿನ ರಕ್ಷಣೆಗೆ ಬೆಲ್ಟನ್ನು ಶಿಫಾರಸು ಮಾಡಲಾಗದು ಎಂದಿತ್ತು. ಮಳಿಗೆಗಳಲ್ಲಿ ಸರಕು ಎತ್ತುವ 9,000ಕ್ಕೂ ಹೆಚ್ಚು ನೌಕರರನ್ನು ಅದು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಬೆಲ್ಟ್ ಕಟ್ಟಿದವರಿಗೆ ಬೆನ್ನುನೋವು ಕಡಿಮೆಯಾದದ್ದು ಕಾಣಲಿಲ್ಲ. ಜಿಮ್‌ನಲ್ಲಿ ಬೆಲ್ಟ್ ಬೇಕಾಗುವುದು ಕೆಲವೇ ಸೆಕೆಂಡಿಗೆ. ಹೊಲದಲ್ಲಿ ದುಡಿಮೆ ದಿನವಿಡೀ ಇರುತ್ತದೆ. ಅಲ್ಲಿ ಬೆನ್ನು ಕಾಯುವುದು ಬೇರೆ: 50 ಕೆ.ಜಿ. ಮೂಟೆಯನ್ನು ಎರಡು ಮಾಡಿ, ಇಲ್ಲವೇ ಇಬ್ಬರು ಹಿಡಿಯಿರಿ. ಭಾರ ಮೈಗೆ ಹತ್ತಿರವಿರಲಿ, ಮಂಡಿ ಮಡಚಿ ಎತ್ತಿ, ಎತ್ತಿಕೊಂಡು ಸೊಂಟ ತಿರುಚಬೇಡಿ. ಹೊರೆಯನ್ನು ಸಿಂಬಿಯ ಮೇಲೆ ಇಡಲು ಮತ್ತೊಬ್ಬರು ಕೈಜೋಡಿಸಲಿ.

ಯಾವಾಗ ನಿಲ್ಲಿಸಬೇಕು?

ಸೊಂಟದಿಂದ ಕಾಲಿಗೆ ಇಳಿಯುವ ನೋವು ಅಥವಾ ಜೋಮು, ತೊಡೆಸಂದಿಯಲ್ಲಿ ಹೊಸ ಗಂಟು, ಕೆಳಗೆ ಏನೋ ಜಾರಿದಂತೆ ಭಾರ, ಎತ್ತುವಾಗ ಮೂತ್ರದ ಹನಿ – ಇವು ಕಂಡರೆ ಅಂದಿನ ಭಾರ ಅಲ್ಲಿಗೇ ಮುಗಿಯಲಿ.

ಮೂತ್ರದ ಹನಿಯ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಕಲಿಸುವವರು ಗಂಡಸರಾದರೆ ನಾಚಿಕೆ, ಮನೆಯಲ್ಲಿ ಹೇಳಿದರೆ "ಭಾರ ಎತ್ತಬ್ಯಾಡ ಅಂದಿದ್ವಿ" ಎಂಬ ಮಾತು. ಕೊನೆಗೆ ಸದ್ದಿಲ್ಲದೆ ಜಿಮ್ಮನ್ನೇ ಬಿಡುತ್ತಾರೆ. ಬಿಡಬೇಡಿ. ಬೆಲ್ಟ್ ಬಿಚ್ಚಿ, ಭಾರ ಇಳಿಸಿ, ಹೆಜ್ಜೆ 2ಕ್ಕೆ ಮರಳಿ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೋ ಫಿಸಿಯೋಥೆರಪಿಸ್ಟರಿಗೋ ಇದ್ದದ್ದನ್ನು ಇದ್ದಂತೆ ಹೇಳಿ. ಮೂತ್ರಕೋಶವನ್ನು ಕೆಳಗಿನಿಂದ ಹಿಡಿದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವಿದೆ, ಅದರಿಂದ ಬಹಳ ಮಂದಿಗೆ ಗುಣ ಕಾಣುತ್ತದೆ. ಜಿಮ್ ನಡೆಸುವವರು ಹೊಸದಾಗಿ ಬಂದ ಪ್ರತಿ ಹೆಣ್ಣುಮಗಳಿಗೂ ಮೊದಲ ದಿನವೇ ಈ ಮಾತು ತಾವಾಗಿ ಹೇಳಲಿ. ಆಗ ಆಕೆ ಕೇಳಲು ಮುಜುಗರ ಪಡಬೇಕಿಲ್ಲ.