ಮೃದು ಹಣ್ಣಿನ ಕೊಯ್ಲಿಗೆ ಸ್ಪರ್ಶಜ್ಞಾನವುಳ್ಳ ಯಂತ್ರದ ಕೈ

ಹಣ್ಣು ಎಲ್ಲಿದೆ, ಎಷ್ಟು ಬಣ್ಣ ತಿರುಗಿದೆ ಎಂಬುದನ್ನು ಕ್ಯಾಮೆರಾ ಬಹುಮಟ್ಟಿಗೆ ಗುರುತಿಸಬಲ್ಲದಾದರೂ, ಎಷ್ಟು ಬಿಗಿಯಾಗಿ ಹಿಡಿದರೆ ಜಾರದು, ಎಷ್ಟಕ್ಕೆ ಜಜ್ಜಿಹೋಗುತ್ತದೆ ಎಂಬುದು ಮುಟ್ಟಿದ ಮೇಲೆಯೇ ತಿಳಿಯುವ ಸಂಗತಿ. ಆದ್ದರಿಂದಲೇ ಕೊಯ್ಲಿನ ರೋಬಾಟಿನ ಗ್ರಿಪ್ಪರಿಗೆ, ಅಂದರೆ ತೋಳಿನ ತುದಿಯಲ್ಲಿದ್ದು ಹಣ್ಣನ್ನು ಹಿಡಿಯುವ ಭಾಗಕ್ಕೆ, ಸ್ಪರ್ಶ ಸಂವೇದಕಗಳನ್ನು ಅಳವಡಿಸುವ ಪ್ರಯತ್ನ ನಡೆದಿದೆ. ಒತ್ತಡ ಬಿದ್ದಾಗ ವಿದ್ಯುತ್ ರೋಧ ಬದಲಾಗುವ ತೆಳು ಪದರ ಇವುಗಳಲ್ಲಿ ಒಂದು ಬಗೆ. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ಜೆಲ್‌ಸೈಟ್ ಎಂಬ ಇನ್ನೊಂದು ಬಗೆಯಲ್ಲಿ, ಮೆತ್ತನೆಯ ಪದರದ ಹಿಂದಿರುವ ಪುಟ್ಟ ಕ್ಯಾಮೆರಾ ಅದರ ಮೇಲೆ ಮೂಡುವ ಉಬ್ಬುತಗ್ಗುಗಳನ್ನು ಓದುತ್ತದೆ.

ಈ ಸ್ಪರ್ಶಜ್ಞಾನ ನಿಜಕ್ಕೂ ಬೇಕಾಗುವುದು ರಾಸ್ಪ್‌ಬೆರಿಯಂಥ ಹಣ್ಣಿಗೆ. ಮಾಗಿದ ರಾಸ್ಪ್‌ಬೆರಿಯನ್ನು ಎಳೆದಾಗ ಅದರ ನಡುದಿಂಡು ಗಿಡದಲ್ಲೇ ಉಳಿದು, ಟೊಪ್ಪಿಗೆಯಂತೆ ಪೊಳ್ಳಾದ ಹಣ್ಣು ಮಾತ್ರ ಕೈಗೆ ಬರುತ್ತದೆ. ಕಳಚುವವರೆಗೂ ಹಿಡಿತ ಬಿಗಿಯಾಗಿರಬೇಕು. ಕಳಚಿದ ಕ್ಷಣದಲ್ಲಿ ಒಳಗಿನ ಆಸರೆ ಇಲ್ಲವಾಗುವುದರಿಂದ, ಅದೇ ಬಿಗಿತ ಮುಂದುವರಿದರೆ ಹಣ್ಣು ಅಪ್ಪಚ್ಚಿಯಾಗುತ್ತದೆ. ಆದಕಾರಣ ಎಳೆತದ ಬಲ ಥಟ್ಟನೆ ಕುಸಿದುದನ್ನು ಅರಿತು ಬೆರಳು ಕೂಡಲೇ ಸಡಿಲಗೊಳ್ಳಬೇಕು. ರಾಸ್ಪ್‌ಬೆರಿಯ ಹಂಗಾಮು ಚಿಕ್ಕದಾದ್ದರಿಂದ, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಇಪಿಎಫ್‌ಎಲ್ ಸಂಸ್ಥೆಯ ಸಂಶೋಧಕರು, ತನ್ನ ಮೇಲೆ ಬೀಳುವ ಒತ್ತಡವನ್ನೂ ಎಳೆತವನ್ನೂ ತಾನೇ ಅಳೆಯಬಲ್ಲ ಸಿಲಿಕೋನ್ ಹಣ್ಣೊಂದನ್ನು ಮಾಡಿ, ರೋಬಾಟನ್ನು ಪ್ರಯೋಗಾಲಯದಲ್ಲೇ ಪಳಗಿಸುವ ವಿಧಾನವನ್ನು 2022ರಲ್ಲಿ ಪ್ರಕಟಿಸಿದರು.

ಸ್ಟ್ರಾಬೆರಿಯ ಮಾತು ಬೇರೆ. ಕೆಲವು ಯಂತ್ರಗಳು ಹಣ್ಣಿನ ತಂಟೆಗೇ ಹೋಗದೆ ತೊಟ್ಟನ್ನು ಹಿಡಿದು ಕತ್ತರಿಸುತ್ತವೆ. ಉದ್ದ ತೊಟ್ಟು ಪೆಟ್ಟಿಗೆಯಲ್ಲಿ ಪಕ್ಕದ ಹಣ್ಣಿಗೆ ಚುಚ್ಚದಂತೆ ನೋಡಿಕೊಂಡರೆ, ದುಬಾರಿ ಸಂವೇದಕಕ್ಕಿಂತ ಇದೇ ಜಾಣ ದಾರಿ.

ಯಾವ ಯಂತ್ರವೇ ಆಗಲಿ, ಬೆಳೆಯ ವಿನ್ಯಾಸ ಅದಕ್ಕೆ ಒಗ್ಗಬೇಕು. ಯುರೋಪಿನ ಅನೇಕ ತೋಟಗಳಂತೆ ಸೊಂಟದೆತ್ತರದ ತೊಟ್ಟಿಗಳಲ್ಲಿ ಬೆಳೆದ ಸ್ಟ್ರಾಬೆರಿ ಅಂಚಿನಿಂದ ಹೊರಗೆ ಇಳಿಬಿದ್ದು ತೋಳಿಗೆ ನೇರವಾಗಿ ಸಿಗುತ್ತದೆ. ಮಹಾಬಲೇಶ್ವರದಲ್ಲಿರುವಂತೆ ಹೊದಿಕೆ ಹಾಸಿದ ನೆಲದ ಏರುಮಡಿಗಳಲ್ಲಿ ಹಣ್ಣು ಎಲೆಯ ಮರೆಯಲ್ಲಿರುವುದರಿಂದ, ಮೊದಲು ಎಲೆ ಸರಿಸುವ ಕೆಲಸವೇ ಯಂತ್ರಕ್ಕೆ ತಲೆನೋವಾಗುತ್ತದೆ. ಕೊಳೆತ ಹಣ್ಣನ್ನು ಮುಟ್ಟಿದ ಬೆರಳು ಬೂಸ್ಟನ್ನು ಮುಂದಿನ ಹಣ್ಣಿಗೆ ದಾಟಿಸಬಹುದಾದ್ದರಿಂದ, ಸುಲಭವಾಗಿ ಬಿಚ್ಚಿ ತೊಳೆಯಲು ಬರುವ ಬೆರಳುಗಳೇ ಮೇಲು. ಪ್ರಾತ್ಯಕ್ಷಿಕೆ ನೋಡಲು ಹೋಗುವ ಬೆಳೆಗಾರರು, ಜಜ್ಜಿದ ಗುರುತು ತಡವಾಗಿ ಮೂಡುವುದನ್ನು ನೆನಪಿನಲ್ಲಿಟ್ಟುಕೊಂಡು, ಯಂತ್ರ ಬಿಡಿಸಿದ ಹಣ್ಣನ್ನೂ ಆಳು ಬಿಡಿಸಿದ ಹಣ್ಣನ್ನೂ ಬೇರೆಬೇರೆ ಪೆಟ್ಟಿಗೆಗಳಲ್ಲಿ ತಂಪಾದ ಕಡೆ ಇರಿಸಿ, ಎರಡು ದಿನ ಬಿಟ್ಟು ಹೋಲಿಸುವುದು ಒಳ್ಳೆಯದು.